ರೇಣುಕಾ ಸಾಗರದ ಹರಗೋಲು



ಕನಕುಂಬಿಯಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿಗಳ ನೆಲ ತೋಯಿಸಿಕೊಂಡು ಬರುವ ಮಲಪ್ರಭೆ ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಗುಡ್ಡ ಸೀಳಿಕೊಂಡು ಹೊರಡುತ್ತಾಳೆ. ಎಪ್ಪತ್ತರ ದಶಕದಲ್ಲಿ ಅಲ್ಲಿ ಅಣೆಕಟ್ಟು ಎದ್ದ ಮೇಲೆ ನಿಂತ ನೀರೇ ರೇಣುಕಾ ಸಾಗರ. ಚಳಿಗಾಲದ ಒಂದು ಭಾನುವಾರ ಬೈಲಹೊಂಗಲದ ಗೆಳೆಯರ ಜೊತೆ ಆ ದಂಡೆಗುಂಟ ನಡೆದಿದ್ದೆವು. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇತ್ತು, ಯಾರಿಗೂ ಅವಸರವಿರಲಿಲ್ಲ.

ಮೀನಿನ ಬಲೆ ಎಳೆದು ಮುಗಿಸಿದ ಹಿರಿಯರೊಬ್ಬರು ಹರಗೋಲು ದಂಡೆಗೆ ತಂದರು. ಪೂರ್ತಿ ದುಂಡು. ನಮ್ಮಲ್ಲೊಬ್ಬ ಕೇಳಿಯೇಬಿಟ್ಟ: “ಕಾಕಾ, ಇದಕ್ಕ ಮುಂದ ಯಾವ ಕಡೆ, ಹಿಂದ ಯಾವ ಕಡೆ?”

“ನಾ ಹುಟ್ಟು ಹಾಕಿದ ಕಡೆನ ಮುಂದ, ತಮ್ಮಾ.”

ನಾವು ಹತ್ತಿ ಕುಳಿತ ಮೇಲೆ ಆ ಮಾತು ತಿಳಿಯಿತು. ಅವರು ಮುಂದಕ್ಕೆ ಬಾಗಿ, ಎದುರಿನ ನೀರನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಮ್ಮತ್ತ ಸೆಳೆದುಕೊಳ್ಳುತ್ತಿದ್ದರು. ಕೈ ಸ್ವಲ್ಪ ಮರೆತರೂ ಹರಗೋಲು ಇದ್ದಲ್ಲೇ ಗಿರಗಿರ ತಿರುಗುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪೇಸ್, ಆನೆಗೊಂದಿಯ ಹೊಳೆ ದಾಟಿಸುವ ಇಂಥ ಚರ್ಮ ಹೊದಿಸಿದ ದೋಣಿಗಳನ್ನು ನೋಡಿ, ಇವು ಸದಾ ತಿರುಗುತ್ತಲೇ ಸಾಗುತ್ತವೆ ಎಂದು ಬರೆದಿಟ್ಟಿದ್ದಾನೆ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಕೂಡುತ್ತಿದ್ದರಂತೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅದರ ಕಟ್ಟುವಿಕೆ. ಬಿದಿರಿನ ಸೀಳುಗಳನ್ನು ಅಡ್ಡಡ್ಡ ಹೆಣೆದು, ಅಂಚನ್ನು ಮೇಲೆತ್ತಿ ಸುತ್ತಲೂ ಬಿಗಿಯುತ್ತಾರೆ. ಹೊರಗೆ ಹಿಂದೆ ತೊಗಲು ಇತ್ತು. ಈಗ ಪ್ಲಾಸ್ಟಿಕ್ ಚೀಲ, ಮೇಲೆ ಡಾಂಬರು. ತಳ ಚಪ್ಪಟೆ, ಗೇಣು ನೀರಿದ್ದರೂ ಸಾಕು. ಬೇಸಿಗೆಯಲ್ಲಿ ಬಂಡೆಗಳು ಬೆನ್ನು ತೋರಿಸುವ ನಮ್ಮ ಹೊಳೆಗಳಲ್ಲಿ ಚೂಪು ತಳದ ದೋಣಿ ಸಿಕ್ಕಿಕೊಳ್ಳುತ್ತದೆ. ಬಿದಿರು ಕಲ್ಲಿಗೆ ತಾಗಿದರೆ ಬಾಗಿ ಪಾರಾಗುತ್ತದೆ. ಹೊಳೆಯ ಸ್ವಭಾವ ಅರಿತವರು ಮಾತ್ರ ಹೀಗೆ ಕಟ್ಟಬಲ್ಲರು. ದೂರದ ಯೂಫ್ರೆಟಿಸ್ ನದಿಯವರಿಗೂ ಇದೇ ಹೊಳೆದಿತ್ತು. ಅಲ್ಲಿ ದುಂಡು ದೋಣಿಗಳು ಸರಕಿನ ಜೊತೆ ಒಂದು ಕತ್ತೆಯನ್ನೂ ಹೊತ್ತು ಬ್ಯಾಬಿಲೋನಿಗೆ ಇಳಿದು ಬರುತ್ತಿದ್ದವೆಂದು ಎರಡೂವರೆ ಸಾವಿರ ವರ್ಷಗಳ ಹಿಂದಿನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುತ್ತಾನೆ. ಸೆಳವಿಗೆ ಎದುರಾಗಿ ಮರಳುವಂತಿರಲಿಲ್ಲ. ದೋಣಿಯ ಕಟ್ಟಿಗೆ ಮಾರಿ, ಹೊದಿಕೆಯ ತೊಗಲನ್ನು ಅದೇ ಕತ್ತೆಯ ಮೇಲೆ ಹೇರಿ ಊರಿಗೆ ನಡೆಯುತ್ತಿದ್ದರು.

ನಮ್ಮ ಕಾಕಾ ಹರಗೋಲನ್ನು ಬೋರಲು ಮಾಡಿ ತಾವೇ ತಲೆಯ ಮೇಲೆ ಹೊತ್ತರು. ಇದನ್ನು ಹೆಣೆಯುವವರು ಈಗ ಕಡಿಮೆ, ಫೈಬರಿನವು ಬಂದಿವೆ ಎಂದರು. ಫೈಬರ್ ಬರಲಿ, ಮೀನುಗಾರರಿಗೆ ಹಗುರವಾದರೆ ಒಳ್ಳೆಯದೇ. ಆದರೆ ಹನ್ನೆರಡನೆಯ ಶತಮಾನದಲ್ಲೇ ಅಂಬಿಗರ ಚೌಡಯ್ಯ ತನ್ನ ಕಸುಬಿನ ಹೆಸರನ್ನೇ ವಚನದ ಅಂಕಿತವಾಗಿಸಿಕೊಂಡ ನಾಡು ಇದು, ಇಲ್ಲಿ ಹರಗೋಲು ಹೆಣೆಯುವ ಕೈಗಳು ಮರೆಯಾಗಬಾರದು. ಸವದತ್ತಿ, ರಾಮದುರ್ಗದ ಶಾಲೆಗಳವರು ಇಂಥ ಹಿರಿಯರೊಬ್ಬರನ್ನು ಕರೆಸಿ, ಅಂಗಳದಲ್ಲಿ ಬಿದಿರು ಹರಡಿ, ಮಕ್ಕಳ ಕೈಯಿಂದಲೇ ಒಂದು ಹರಗೋಲು ಹೆಣೆಸಲಿ. ಆ ಹಿರಿಯರ ದಿನದ ಕೂಲಿಯನ್ನು, ಬಿದಿರಿನ ಬೆಲೆಯನ್ನು ಊರವರು ಸೇರಿ ಕೊಡೋಣ.