ಗಂಡಸುತನದ ಪ್ರಶ್ನಾವಳಿ ಮತ್ತು ಕುಂದಾಪುರ ಸೀಮೆಯ ನರ್ಸಿಂಗ್ ವಿದ್ಯಾರ್ಥಿಗಳು: ಅಧ್ಯಕ್ಷ ಭಾಷಣ

ಗಂಡಸು ಹೇಗಿರಬೇಕು ಎಂಬ ಬಗ್ಗೆ ಜನರಲ್ಲಿ ಬೇರೂರಿದ ನಂಬಿಕೆಗಳನ್ನು ಅಳೆಯಲು ಇಂದು ಹಲವು ಪ್ರಶ್ನಾವಳಿಗಳಿವೆ. ಅಮೆರಿಕದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಲೆವಾಂಟ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ್ದು ಅವುಗಳಲ್ಲೊಂದು. 21 ಹೇಳಿಕೆಗಳ ಅದರ ಕಿರುರೂಪ 2013ರಲ್ಲಿ ಬಂತು. ಬ್ರೆಜಿಲ್‌ನಲ್ಲಿ ಜೂಲಿ ಪುಲರ್‌ವಿಟ್ಸ್ ಮತ್ತು ಗ್ಯಾರಿ ಬಾರ್ಕರ್ ರೂಪಿಸಿದ 24 ಹೇಳಿಕೆಗಳ ಮಾಪಕವನ್ನು ಮುಂಬಯಿಯ ಯುವಕರಿಗೆ ತಕ್ಕಂತೆ ಮಾರ್ಪಡಿಸಿ ಬಳಸಲಾಗಿದೆ.

ನರ್ಸಿಂಗ್ ಶಿಕ್ಷಣಕ್ಕೆ ಈ ಅಳತೆ ಬೇಕಾಗುವುದು ವಾರ್ಡಿನ ಕಾರಣಕ್ಕೆ. ನೋವನ್ನು ಹಲ್ಲು ಕಚ್ಚಿ ನುಂಗುವ ಗಂಡಸು ರೋಗಿಗೆ ನೋವಿಲ್ಲವೆಂದೇ ದಾದಿ ಬರೆದುಕೊಂಡರೆ ಚಿಕಿತ್ಸೆ ತಪ್ಪುತ್ತದೆ. ಗಂಡು ವಿದ್ಯಾರ್ಥಿಯನ್ನು ರೋಗಿ ಎತ್ತುವುದಕ್ಕೆ, ಕ್ಯಾಷುವಾಲ್ಟಿಗೆ, ಮಾನಸಿಕ ರೋಗಿಗಳ ವಾರ್ಡಿಗೆ ಕರೆದು, ಹೆರಿಗೆ ವಾರ್ಡಿನಲ್ಲಿ ಹೊರಗೆ ನಿಲ್ಲಿಸಿದರೆ ಅವನ ಕಲಿಕೆ ಅರ್ಧವಾಗುತ್ತದೆ. ಆಸ್ಪತ್ರೆಯಲ್ಲಿ ‘ಬ್ರದರ್’ ಎಂದು ಕರೆಸಿಕೊಳ್ಳುವವನ ಮೇಲೂ, ‘ಸಿಸ್ಟರ್’ ಎಂದು ಕರೆಸಿಕೊಳ್ಳುವವಳ ಮೇಲೂ ಈ ನಂಬಿಕೆಗಳ ಹಿಡಿತ ಇದೆ. ಆದ್ದರಿಂದ ಪ್ರಶ್ನಾವಳಿ ಇಬ್ಬರಿಗೂ ಬೇಕು.

ಆದರೆ ಅದು ಕುಂದಾಪುರ, ಬೈಂದೂರು, ಬ್ರಹ್ಮಾವರಗಳಿಗೆ ಬಂದಾಗ ಬರಿಯ ಅನುವಾದ ಸಾಲದು. ಲೆವಾಂಟ್ ಪ್ರಶ್ನಾವಳಿಯ ಕಿರುರೂಪದ ಒಂದು ಹೇಳಿಕೆಯ ಪ್ರಕಾರ ಗಂಡಸರು ಧಾರಾವಾಹಿ ಬಿಟ್ಟು ಫುಟ್‌ಬಾಲ್ ನೋಡಬೇಕು. ಇಲ್ಲಿ ಫುಟ್‌ಬಾಲ್ ಗಂಡಸುತನದ ಗುರುತೇ ಅಲ್ಲ. ಆ ಜಾಗಕ್ಕೆ ಊರ ಕಬಡ್ಡಿ ಪಂದ್ಯವೋ ವಂಡಾರು ಕಂಬಳವೋ ಬಂದರೆ ಹೇಳಿಕೆಗೆ ಜೀವ ಬರುತ್ತದೆ. ಕಾರು ಕೆಟ್ಟರೆ ರಿಪೇರಿ ಮಾಡಲು ಗಂಡಸಿಗೆ ಗೊತ್ತಿರಬೇಕೆಂಬ ಮಾತಿನ ಬದಲು ತೋಟದ ಪಂಪ್‌ಸೆಟ್ಟು, ದೋಣಿಯ ಎಂಜಿನ್ನು ಬರಬೇಕು.

ಇಷ್ಟು ಸುಲಭದ ಕೆಲಸ. ಕಷ್ಟ ಇರುವುದು ಮನೆಯ ಯಜಮಾನಿಕೆಯ ಪ್ರಶ್ನೆಯಲ್ಲಿ. ತಂದೆಯೇ ಮನೆಯ ಯಜಮಾನ ಎಂಬ ಹೇಳಿಕೆ ಅಳಿಯಕಟ್ಟಿನ ಸೀಮೆಯಲ್ಲಿ ನೇರವಾಗಿ ನಿಲ್ಲುವುದಿಲ್ಲ. ಬಂಟ, ಬಿಲ್ಲವ, ಮೊಗವೀರ ಕುಟುಂಬಗಳಲ್ಲಿ ವಂಶವೂ ಆಸ್ತಿಯೂ ಹೆಣ್ಣಿನ ಕಡೆಯಿಂದ ಹರಿದವು; ಮಾತು ನಡೆಯುತ್ತಿದ್ದುದು ಹೆಚ್ಚಾಗಿ ತಾಯಿಯ ಅಣ್ಣತಮ್ಮಂದಿರದು. 1949ರ ಮದರಾಸು ಅಳಿಯಸಂತಾನ ಕಾಯಿದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ಆಸ್ತಿಯ ಲೆಕ್ಕ ಬದಲಾದರೂ ಮೂಲದ ಮನೆಯ ದೈವಕಾರ್ಯದಲ್ಲಿ ಸೋದರಮಾವನ ಸ್ಥಾನ ಉಳಿದಿದೆ. ಇಂಥ ಮನೆಯ ವಿದ್ಯಾರ್ಥಿನಿ ಆ ಹೇಳಿಕೆಯನ್ನು ‘ಒಪ್ಪುವುದಿಲ್ಲ’ ಎಂದಾಗ ಅವಳು ಸಮಾನತೆಯನ್ನೇ ಹೇಳುತ್ತಿದ್ದಾಳೆ ಎನ್ನಲಾಗದು. ತಂದೆಯದಲ್ಲ, ಮಾವನದು ಎಂದೂ ಅವಳ ಮನಸ್ಸಿನಲ್ಲಿರಬಹುದು. ಅಂಕ ಒಂದೇ, ಅರ್ಥ ಎರಡು.

ಅಡುಗೆಯ ಹೇಳಿಕೆಯೂ ಹಾಗೆಯೇ. ಈ ಊರುಗಳ ಗಂಡಸರು ಮುಂಬಯಿ, ಬೆಂಗಳೂರುಗಳ ಹೋಟೆಲುಗಳಲ್ಲಿ ದೋಸೆಕಲ್ಲಿನ ಮುಂದೆ ನಿಂತು ಮನೆ ನಡೆಸಿದ್ದಾರೆ. ಮದುವೆಯ ಅಡುಗೆಯೂ ದೇವಸ್ಥಾನದ ಅಡುಗೆಯೂ ಅವರದೇ. ಅದೇ ಗಂಡಸು ಮನೆಯ ಒಲೆಯ ಹತ್ತಿರ ಸುಳಿಯದಿರಬಹುದು. ‘ಅಡುಗೆ ಹೆಂಗಸಿನ ಕೆಲಸ’ ಎಂದಷ್ಟೇ ಕೇಳಿದರೆ ಉತ್ತರ ಹುಸಿಯಾಗುತ್ತದೆ. ‘ಹೆಂಡತಿಗೆ ಜ್ವರ ಬಂದ ದಿನ ಗಂಡ ಗಂಜಿ ಬೇಯಿಸಬೇಕು’ ಎಂದು ಕೇಳಬೇಕು. ಯಕ್ಷಗಾನವನ್ನು ಗಂಡುಕಲೆ ಎಂದು ಹೊಗಳುವ ಈ ನಾಡು ಮಂದಾರ್ತಿ, ಮಾರಣಕಟ್ಟೆ ಮೇಳಗಳ ಸ್ತ್ರೀವೇಷಧಾರಿಯನ್ನೂ ತಲೆಯ ಮೇಲೆ ಹೊತ್ತಿದೆ. ‘ಗಂಡಸು ಹೆಣ್ಣಿನಂತೆ ನಡೆದುಕೊಳ್ಳಬಾರದು’ ಎಂಬ ಹೇಳಿಕೆ ರಂಗಸ್ಥಳವನ್ನು ಕುರಿತದ್ದೋ ವಾರ್ಡನ್ನು ಕುರಿತದ್ದೋ ಎಂಬುದು ಸ್ಪಷ್ಟವಾಗಿರಬೇಕು.

ಮಾರ್ಪಾಡಿನ ಕ್ರಮ ಹೊಸದೇನಲ್ಲ. ಇಬ್ಬರು ಬೇರೆಬೇರೆಯಾಗಿ ಕನ್ನಡಿಸುವುದು, ಮೂಲವನ್ನು ಕಾಣದವರು ಅದನ್ನು ಇಂಗ್ಲಿಷಿಗೆ ಮರಳಿ ತರುವುದು, ತಜ್ಞರ ಸಮಿತಿ ಎರಡನ್ನೂ ಹೋಲಿಸುವುದು. 1970ರಲ್ಲಿ ರಿಚರ್ಡ್ ಬ್ರಿಸ್ಲಿನ್ ಮರು ಅನುವಾದದ ಬಗ್ಗೆ ಬರೆದ ಮೇಲೆ ಇದು ರೂಢಿಯಾಗಿದೆ. ಮರು ಅನುವಾದ ಚೆನ್ನಾಗಿ ಹೊಂದಿದರೂ ಪ್ರಶ್ನೆ ಕೆಟ್ಟಿರಬಹುದು. ನಿಜವಾದ ಪರೀಕ್ಷೆ ಅದರ ನಂತರದ್ದು: ವಿದ್ಯಾರ್ಥಿಯನ್ನು ಎದುರು ಕೂರಿಸಿಕೊಂಡು, ಹೇಳಿಕೆ ಓದಿಸಿ, ಏನು ತಿಳಿಯಿತೆಂದು ಅವರದೇ ಮಾತಿನಲ್ಲಿ ಹೇಳಿಸುವುದು. ಕುಂದಗನ್ನಡ, ತುಳು, ಕೊಂಕಣಿ ಮನೆಮಾತಿನವರನ್ನೂ ಕೇರಳದಿಂದ ಓದಲು ಬಂದವರನ್ನೂ ಬೇರೆಬೇರೆಯಾಗಿ ಕೇಳಬೇಕು. ‘ಗಂಡಸು ಅಳಬಾರದು’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕುವಾಗ ಎರಡು ನಿಷೇಧಗಳು ಸೇರಿ ಗೊಂದಲವಾಗುವುದು ಆಗ ಗೊತ್ತಾಗುತ್ತದೆ. ಮೂಲದ ಏಳು ಮೆಟ್ಟಿಲುಗಳ ಉತ್ತರಕ್ಕಿಂತ ಐದು ಮೆಟ್ಟಿಲು ಸಾಕೆಂದೂ ತಿಳಿಯಬಹುದು.

ಆಮೇಲಿನದು ಸಂಖ್ಯಾಶಾಸ್ತ್ರದ ಕೆಲಸ: ಹೇಳಿಕೆಗೆ ಹತ್ತು ಮಂದಿಯಂತೆ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು, ಎರಡು ವಾರ ಬಿಟ್ಟು ಮರುಪರೀಕ್ಷೆ, ಹುಡುಗ ಹುಡುಗಿಯರಲ್ಲಿ ಮಾಪಕ ಒಂದೇ ರೀತಿ ಕೆಲಸ ಮಾಡುತ್ತದೆಯೇ ಎಂಬ ಪರಿಶೀಲನೆ. ಇಂಟರ್ನಲ್ ಅಂಕ ಕೊಡುವ ಅಧ್ಯಾಪಕರೇ ಹಾಳೆ ಹಂಚಿದರೆ ಒಳ್ಳೆಯ ಉತ್ತರಗಳಷ್ಟೇ ಸಿಗುತ್ತವೆ. ಹೊರಗಿನವರು ಹಂಚಬೇಕು, ಹೆಸರು ಬರೆಸಕೂಡದು.

ಇಂಥ ಪ್ರಶ್ನಾವಳಿಗಳಲ್ಲಿರುವ ಸಲಿಂಗಿಗಳ ಕುರಿತ ಹೇಳಿಕೆಗಳನ್ನು ಮುಜುಗರಕ್ಕೆ ಹೆದರಿ ಕೈಬಿಡುವ ಒಲವು ಹುಟ್ಟಬಹುದು. ಅದು ತಪ್ಪು. ಅವರೂ ರೋಗಿಗಳಾಗಿ ಇದೇ ಮಂಚಗಳಿಗೆ ಬರುತ್ತಾರೆ. ದಾದಿಯ ಅಸಹನೆ ಅವರ ಆರೈಕೆಯನ್ನು ಮುಟ್ಟುತ್ತದೆ.

ಇಷ್ಟೆಲ್ಲ ಆಗುವ ತನಕ ಯಾವ ವಿದ್ಯಾರ್ಥಿಯನ್ನೂ ಇಂಥ ಅಂಕದಿಂದ ಅಳೆಯಬಾರದು. ಮೂರೂ ತಾಲೂಕುಗಳ ನರ್ಸಿಂಗ್ ಅಧ್ಯಾಪಕರು ಒಟ್ಟಾಗಿ ಈ ಕೆಲಸಕ್ಕೆ ಕೈಹಾಕಬೇಕು, ಮೊದಲ ಕರಡನ್ನು ತಮ್ಮ ವಿದ್ಯಾರ್ಥಿಗಳ ಬಾಯಿಂದಲೇ ತಿದ್ದಿಸಬೇಕು ಎಂಬುದು ಈ ಸಮ್ಮೇಳನದ ಮುಂದಿಡುವ ವಿನಂತಿ.