ಆ 'ಗುಡ್' ಯಾರಿಗೆ?

ಇವತ್ತು ಒಂದು ತಪ್ಪೊಪ್ಪಿಗೆ. ವೈಯಾಲಿಕಾವಲ್‌ನ ನಮ್ಮ ಮನೇಲಿ, ಮೂರನೇ ಕ್ಲಾಸಿನ ಮಗಳು ಮಗ್ಗಿ ಬರೀತಾ ಬರೀತಾನೇ ನಿದ್ದೆಹೋದಳು. ಉಳಿದ ಎರಡು ಪುಟ ಎಡಗೈಯಲ್ಲಿ ನಾನೇ ಬರೆದೆ. ಮಾರನೇ ದಿನ 'ಗುಡ್' ಬಂತು. "ಅಪ್ಪಾ, ಈ ಗುಡ್ ಯಾರಿಗೆ?" ಅಂದಳು.

ಕೇಂದ್ರದ 2020ರ ಸ್ಕೂಲ್ ಬ್ಯಾಗ್ ನೀತಿ ಪ್ರಕಾರ, 2ನೇ ಕ್ಲಾಸಿನವರೆಗೆ ಹೋಮ್‌ವರ್ಕೇ ಬೇಡ. 3ರಿಂದ 5ಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಸಂಜೆ ಆಡಿದ ಆಟ, ಉಂಡ ಊಟದ ಬಗ್ಗೆ ಕ್ಲಾಸಲ್ಲಿ ಮಾತಾಡಿಸಿ ಅಂತಾನೂ ಇದೆ.

ಮಿಸ್‌ಗೆ ನಿಜ ಹೇಳಿದೆ. ನಕ್ಕರು. "ಸರಿ, ಅಂಗಡಿ ಲೆಕ್ಕ ಬರೆದು ತರಲಿ" ಅಂದರು.

ಈಗ ತರಕಾರಿ ತರೋದು ಇಬ್ಬರೂ. ಕಾಲು ಕೆಜಿ ಬೀನ್ಸಿಗೆಷ್ಟು, ಚಿಲ್ಲರೆ ಎಷ್ಟು, ಎಲ್ಲಾ ಅವಳದೇ ಲೆಕ್ಕ. ಮೊನ್ನೆ ಅಂಗಡಿಯವರು 5 ರೂಪಾಯಿ ಜಾಸ್ತಿ ಕೊಟ್ಟರು. ಇವಳು ಎಣಿಸಿ ವಾಪಸ್ ಕೊಟ್ಟಳು. "ಜಾಣೆ ಕಣಮ್ಮಾ" ಅಂದರು.

ಅದು ಯಾರಿಗೆ ಅಂತ ಅವಳು ಕೇಳಲಿಲ್ಲ.