ಮೇಷ್ಟ್ರು, ಪಾಠ ಮತ್ತು ಫಾಲೋ ಬಟನ್

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ, ಇಲ್ಲಿಗೆ ಬಂದು ಹನ್ನೆರಡು ವರ್ಷ ಆಯ್ತು. ಮೂಲ ಧಾರವಾಡದ ಕಡೆ ಒಂದು ಹಳ್ಳಿ. ವೇದಿಕೆ ಮೇಲೆ ಮಾತಾಡಿ ಅಭ್ಯಾಸ ಇಲ್ಲ, ಕೋಡ್ ರಿವ್ಯೂನಲ್ಲಿ ಜಗಳ ಆಡೋದೇ ನನ್ನ ಭಾಷಣ. ತಪ್ಪಿದ್ರೆ ಹೊಟ್ಟೆಗೆ ಹಾಕಿಕೊಳ್ಳಿ.

ಒಬ್ಬ ಮನುಷ್ಯ ಮಾಡಿದ ಒಂದು ಕೆಲಸ ನಮಗೆ ಬಹಳ ಇಷ್ಟ. ಅದೇ ಮನುಷ್ಯ ಮಾಡಿದ ಇನ್ನೊಂದು ಕೆಲಸ ಕೇಳಿದರೆ ಮೈ ಉರಿಯುತ್ತೆ. ಆಗ ಏನು ಮಾಡಬೇಕು? ಸಿನಿಮಾ ನಟರ ವಿಷಯಕ್ಕೆ ಈ ಜಗಳ ಎಲ್ಲರ ಮನೆಯಲ್ಲೂ ಆಗುತ್ತೆ. ನಾನು ಸಿನಿಮಾ ಬಿಟ್ಟು ಒಬ್ಬ ಮೇಷ್ಟ್ರ ಕಥೆ ಹೇಳ್ತೀನಿ, ಯಾಕಂದ್ರೆ ಅದು ನನ್ನ ಮನೆ ಬಾಗಿಲಿಗೇ ಬಂತು.

2007ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಬಿಇ ಎರಡನೇ ವರ್ಷ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಪಿಯುಸಿಯಲ್ಲಿ ಫಿಸಿಕ್ಸ್ ಇಂಗ್ಲಿಷಿಗೆ ತಿರುಗಿದಾಗ ಸೂತ್ರ ಬಾಯಿಪಾಠ ಮಾಡಿ ಪಾಸಾದೆ, ಅರ್ಥ ಆಗಿರಲಿಲ್ಲ. 'ಟಾರ್ಕ್' ಅಂದರೆ ನನಗೆ ಒಂದು ಗ್ರೀಕ್ ಅಕ್ಷರ, ಅಷ್ಟೇ. ಹಾಸ್ಟೆಲಿನಲ್ಲಿ ಒಬ್ಬ ಗೆಳೆಯನ ಹಾರ್ಡ್ ಡಿಸ್ಕಿನಲ್ಲಿ ಸಿನಿಮಾಗಳ ಮಧ್ಯೆ '8.01' ಅಂತ ಒಂದು ಫೋಲ್ಡರ್ ಇತ್ತು. ರಿಯಲ್ ಪ್ಲೇಯರ್‌ನಲ್ಲಿ ಮಾತ್ರ ಓಡುವ ಫೈಲುಗಳು, ಚಿತ್ರ ಅಂಗೈ ಅಗಲ. ಅಮೆರಿಕದ ಎಂಐಟಿಯಲ್ಲಿ 1999ರಲ್ಲಿ ವಾಲ್ಟರ್ ಲೆವಿನ್ ಅನ್ನೋ ಪ್ರೊಫೆಸರ್ ಮಾಡಿದ ಮೆಕ್ಯಾನಿಕ್ಸ್ ಪಾಠಗಳು, ಒಟ್ಟು 35.

ನೋಡಿದವರು ಇಲ್ಲಿ ಖಂಡಿತ ಇದ್ದೀರಿ, ತಲೆ ಆಡಿಸ್ತಾ ಇರೋದು ಕಾಣ್ತಾ ಇದೆ. ನೋಡದವರಿಗೆ ಒಂದೇ ದೃಶ್ಯ ಹೇಳ್ತೀನಿ. ಕ್ಲಾಸಿನ ಮಾಳಿಗೆಯಿಂದ ಉದ್ದನೆಯ ತಂತಿ, ತುದಿಗೆ 15 ಕಿಲೋ ಗುಂಡು. ಮೊದಲು ಗುಂಡನ್ನು ತೂಗಿಬಿಟ್ಟು ಹತ್ತು ತೂಗಾಟದ ಸಮಯ ಅಳೀತಾರೆ. 45 ಸೆಕೆಂಡಿನ ಆಸುಪಾಸು. ಆಮೇಲೆ ಅರವತ್ತು ದಾಟಿದ ಆ ಮನುಷ್ಯ ತಾನೇ ಆ ಗುಂಡಿನ ಮೇಲೆ ಕೂತು, ತಂತಿ ಹಿಡ್ಕೊಂಡು, ಮೈ ಅಡ್ಡ ಮಾಡಿ ಜೋಕಾಲಿ ಆಡ್ತಾರೆ. ಇಡೀ ಕ್ಲಾಸು ಒಂದು, ಎರಡು ಅಂತ ಎಣಿಸುತ್ತೆ. ಹತ್ತಕ್ಕೆ ಮತ್ತೆ ಹೆಚ್ಚುಕಡಿಮೆ ಅಷ್ಟೇ ಸಮಯ. ಲೋಲಕದ ಕಾಲಕ್ಕೆ ತೂಕದ ಹಂಗಿಲ್ಲ. ಇದು ನನಗೆ ಯಾವ ಭಾಷೆಯಲ್ಲೂ ಹೇಳಬೇಕಾಗಿರಲಿಲ್ಲ. ನಮ್ಮೂರಲ್ಲಿ ಪಂಚಮಿ ಜೋಕಾಲಿಯಲ್ಲಿ ನಾನೂ ಕೂತಿದ್ದೆ, ನಮ್ಮ ಸೋದರತ್ತೆಯೂ ಕೂತಿದ್ದರು. ಸೋದರತ್ತೆ ತೂಕದವರು.

ಆ ಮನುಷ್ಯ ಪ್ರತಿ ಪಾಠವನ್ನೂ ಖಾಲಿ ಕ್ಲಾಸಿನಲ್ಲಿ ಮೊದಲೇ ತಾಲೀಮು ಮಾಡ್ತಿದ್ದರಂತೆ, ನಾಟಕದವರ ಹಾಗೆ. ನಾನು ಮೂವತ್ತೈದೂ ಪಾಠ ನೋಡಿದೆ, ಕೆಲವನ್ನು ನಾಲ್ಕು ಸಲ. ಗೇಟ್ ಪಾಸಾಗಿ ಎಂಟೆಕ್ ಸೇರಿದೆನಲ್ಲ, ಅದರ ಬುನಾದಿ ಅಲ್ಲಿ ಬಿತ್ತು. ಒಂದು ದಿನ ಧೈರ್ಯ ಮಾಡಿ ಅವರಿಗೆ ಇಮೇಲ್ ಬರೆದೆ. ನಾನು ಇಂಥವನು, ಕನ್ನಡ ಮಾಧ್ಯಮದವನು, ನಿಮ್ಮಿಂದ ಫಿಸಿಕ್ಸ್ ತಿಳೀತು, ಧನ್ಯವಾದ ಅಂತ. ಆರು ಸಾಲಿಗೆ ಡಿಕ್ಷನರಿ ಇಟ್ಕೊಂಡು ಎರಡು ಗಂಟೆ. ಉತ್ತರ ಬರಲಿಲ್ಲ. ಬೇಜಾರೂ ಆಗಲಿಲ್ಲ.

ಈಗ 2014ರ ಡಿಸೆಂಬರ್. ಆಫೀಸಿನಲ್ಲಿ ಬಿಲ್ಡ್ ಮುಗಿಯೋದು ಕಾಯ್ತಾ ಸುದ್ದಿ ಓದ್ತಿದ್ದೆ. ಲೆವಿನ್ ಆನ್‌ಲೈನ್‌ನಲ್ಲಿ ಲೈಂಗಿಕ ಕಿರುಕುಳ ಕೊಟ್ಟಿದ್ದಾರೆ ಅಂತ ಎಂಐಟಿ ತನಿಖೆ ಮಾಡಿ ತೀರ್ಮಾನಿಸಿತ್ತು. ದೂರು ಕೊಟ್ಟವರು ಅವರ ಆನ್‌ಲೈನ್ ಕೋರ್ಸಿನಲ್ಲಿ ಕಲಿಯುತ್ತಿದ್ದ ಒಬ್ಬ ಮಹಿಳೆ. ಬೇರೆ ಕಲಿಯುವ ಹೆಣ್ಣುಮಕ್ಕಳ ಜೊತೆಗಿನ ನಡವಳಿಕೆಯ ಮಾಹಿತಿಯನ್ನೂ ಅವರು ಕೊಟ್ಟಿದ್ದರು. ಎಂಐಟಿ ಲೆವಿನ್ ಅವರ ಎಮೆರಿಟಸ್ ಪದವಿ ಕಿತ್ತುಕೊಂಡಿತು, ಅವರ ಪಾಠಗಳನ್ನೆಲ್ಲ ತನ್ನ ಸೈಟಿನಿಂದ ತೆಗೆದುಹಾಕಿತು. ಅವರಿಗಾಗ 78 ವರ್ಷ.

ನನ್ನ ಮೊದಲ ಭಾವನೆ ಏನಿತ್ತು ಅಂತ ಮುಚ್ಚಿಡಲ್ಲ. ಸಿಟ್ಟು ಬಂತು, ಆದರೆ ಎಂಐಟಿ ಮೇಲೆ. ಲೋಲಕ ಏನು ತಪ್ಪು ಮಾಡಿದೆ? ನಮ್ಮಲ್ಲೇ ಮಾತಿದೆಯಲ್ಲ, ನದಿಮೂಲ ಋಷಿಮೂಲ ಹುಡುಕಬಾರದು ಅಂತ. ಮಧ್ಯಾಹ್ನ ಊಟಕ್ಕೆ ಕೂತಾಗ ಇದನ್ನೇ ದೊಡ್ಡ ದನಿಯಲ್ಲಿ ವಾದಿಸಿದೆ. ನಾನೊಬ್ಬನೇ ಅಲ್ಲ, ಎಂಐಟಿಯಲ್ಲೇ ಇದ್ದ ಸ್ಕಾಟ್ ಆರನ್ಸನ್ ಅನ್ನೋ ಕಂಪ್ಯೂಟರ್ ವಿಜ್ಞಾನಿ ಕೂಡ ಬರೆದಿದ್ದರು. ಆ ನಡವಳಿಕೆಯನ್ನು ಖಂಡಿಸಿ, ಪಾಠ ಮಾತ್ರ ತೆಗೀಬಾರದಿತ್ತು ಅಂತ. ಕೋಚಿಂಗಿಗೆ ದುಡ್ಡಿಲ್ಲದ ಮಕ್ಕಳಿಗೆ ಯಾಕೆ ಶಿಕ್ಷೆ? ಈ ಪ್ರಶ್ನೆ ನನಗೆ ಇವತ್ತಿಗೂ ಹಗುರ ಅನ್ನಿಸಲ್ಲ. ಆ ಮಕ್ಕಳಲ್ಲಿ ನಾನೂ ಒಬ್ಬ.

ಆ ಊಟದ ಮೇಜಿನಲ್ಲಿ ಪಕ್ಕದ ಟೀಮಿನ ಒಬ್ಬ ಹುಡುಗಿ ಕೂತಿದ್ದಳು. ಬೆಳಗಾವಿಯವಳು. ಈಗ ನನ್ನ ಹೆಂಡತಿ, ಆಗ ಬರೀ ಸಹೋದ್ಯೋಗಿ. ಪೂರ್ತಿ ಕೇಳಿಸಿಕೊಂಡು ಹೇಳಿದಳು: "ನೀವೂ ಅವರಿಗೆ ಮೇಲ್ ಮಾಡಿದ್ರಿ ಅಂತ ಹೇಳಿದ್ರಲ್ಲ? ನಿಮಗೆ ಉತ್ತರ ಬರಲಿಲ್ಲ. ಅವಳಿಗೆ ಬಂತು."

ಅಷ್ಟೇ. ಡಬ್ಬಿ ಮುಚ್ಚಿ ಎದ್ದು ಹೋದಳು.

ನನಗೆ ಆ ಮಾತು ಜೀರ್ಣ ಆಗೋಕೆ ವರ್ಷಗಳೇ ಬೇಕಾದವು. ನಾನು ಹಾಸ್ಟೆಲಿನಲ್ಲಿ ನೋಡಿದ ಅದೇ ಪಾಠ, ಅದೇ ಕೃತಜ್ಞತೆ, ಅದೇ 'ಇಷ್ಟು ದೊಡ್ಡ ಮೇಷ್ಟ್ರು' ಅನ್ನೋ ಭಾವ, ಇವೇ ಇನ್ನೊಬ್ಬರನ್ನು ಆ ಜಾಗಕ್ಕೆ ಕರೆದೊಯ್ದಿದ್ದವು. ಆ ಮಹಿಳೆ ಫ್ರಾನ್ಸಿನವರು. 2015ರ ಜನವರಿಯಲ್ಲಿ ತಮ್ಮ ಹೆಸರು ಹೇಳಿಕೊಂಡೇ ಪತ್ರಿಕೆಗೆ ಮಾತಾಡಿದರು. ಎಂಐಟಿ ಹೇಳಿದ ಕಾರಣವನ್ನು ಆಮೇಲೆ ನಾನು ಸರಿಯಾಗಿ ಓದಿದೆ. ಇಂಥದ್ದು ಮತ್ತೆ ನಡೆಯದಂತೆ ತಡೆಯೋಕೆ ಕೋರ್ಸುಗಳನ್ನು ತೆಗೀತಿದ್ದೇವೆ ಅಂತ ಇತ್ತು. ಮನೆಗೆ ಕಳ್ಳ ಹೊಕ್ಕ ಬಾಗಿಲನ್ನು ಮುಚ್ಚಿದರೆ ಅದು ಬಾಗಿಲಿಗೆ ಕೊಟ್ಟ ಶಿಕ್ಷೆ ಅಂತ ಯಾರೂ ಅನ್ನಲ್ಲ. ನಾನು ಅಂದಿದ್ದೆ.

ಇಲ್ಲಿ ಸ್ವಲ್ಪ ನಮ್ಮ ಕಸುಬಿನ ಉದಾಹರಣೆ ಕೊಡ್ತೀನಿ, ಸಾಫ್ಟ್‌ವೇರಿನವರಲ್ಲದವರು ಎರಡು ನಿಮಿಷ ಸಹಿಸಿಕೊಳ್ಳಿ. ಲಿನಕ್ಸ್‌ನಲ್ಲಿ ರೈಸರ್ ಎಫ್‌ಎಸ್ ಅಂತ ಒಂದು ಫೈಲ್ ಸಿಸ್ಟಮ್ ಇತ್ತು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಏರ್ಪಾಡು. ಅದನ್ನು ಮಾಡಿದವನು ಹ್ಯಾನ್ಸ್ ರೈಸರ್, ತನ್ನ ಹೆಸರೇ ಇಟ್ಟಿದ್ದ. 2008ರಲ್ಲಿ ಹೆಂಡತಿಯನ್ನು ಕೊಂದ ಅಪರಾಧ ಸಾಬೀತಾಗಿ ಜೈಲಿಗೆ ಹೋದ. ಎಂಟೆಕ್ ಲ್ಯಾಬಿನಲ್ಲಿ ನಮ್ಮದೊಂದು ಹಳೇ ಸರ್ವರ್ ಅದೇ ಫೈಲ್ ಸಿಸ್ಟಮ್ ಮೇಲೆ ಓಡ್ತಿತ್ತು. ಹೆಸರು ಕಂಡಾಗ ಒಂದು ಥರ ಅನ್ನಿಸೋದು ನಿಜ, ಆದರೆ ಯಾರೂ ಡಿಸ್ಕ್ ಕಿತ್ತೆಸೆಯಲಿಲ್ಲ. ಲಿನಕ್ಸಿನ 6.13ನೇ ಆವೃತ್ತಿಯಲ್ಲಿ ಕೊನೆಗೂ ಅದನ್ನು ತೆಗೆದದ್ದು ನೋಡಿಕೊಳ್ಳೋರು ಇಲ್ಲದೆ ಹಳತಾಗಿತ್ತು ಅನ್ನೋ ಕಾರಣಕ್ಕೆ. ಕೋಡನ್ನು ಕೊಲೆಗಾರನಿಂದ ಬೇರ್ಪಡಿಸೋದು ಅಲ್ಲಿ ಸಾಧ್ಯವಾಯ್ತು. ನಾನು ಫೈಲ್ ಸೇವ್ ಮಾಡಿದ್ದು ಜೈಲಿನಲ್ಲಿದ್ದವನಿಗೆ ಗೊತ್ತಾಗಲ್ಲ, ಅವನಿಂದ ನನಗೆ ಮೆಸೇಜೂ ಬರಲ್ಲ. ಹಳೇ ಕಾಲದ ಪುಸ್ತಕವೂ ಹಾಗೇ. ಲೈಬ್ರರಿಯಿಂದ ತಂದು ಓದಿ ವಾಪಸ್ ಇಟ್ಟರೆ ಬರೆದವರಿಗೆ ಸುದ್ದಿಯೇ ಇಲ್ಲ.

ಆನ್‌ಲೈನಿನಲ್ಲಿ ಹಾಗಲ್ಲ. ನಾವು ಒತ್ತೋ ಬಟನ್ನಿನ ಹೆಸರೇ ಫಾಲೋ. ಪಾಠವನ್ನಲ್ಲ, ಹಾಡನ್ನಲ್ಲ, ಮನುಷ್ಯನನ್ನು ಹಿಂಬಾಲಿಸ್ತೀವಿ. ಪಾಠದ ಕೆಳಗೇ ಕಾಮೆಂಟ್ ಇದೆ, ಕಾಮೆಂಟಿಗೆ ಉತ್ತರ ಬರುತ್ತೆ, ಉತ್ತರ ಬಂದವರು ಇನ್ನಷ್ಟು ಬರ್ತಾರೆ. ಚಾನೆಲ್‌ಗೆ ಜಾಹೀರಾತು ಇದ್ದರೆ ಯೂಟ್ಯೂಬ್ ಆ ಆದಾಯದಲ್ಲಿ ಶೇ. 55 ಚಾನೆಲಿನವರಿಗೆ ಕೊಡುತ್ತೆ, ಆ ಲೆಕ್ಕ ಎಲ್ಲರಿಗೂ ಗೊತ್ತು. ನನಗೆ ದುಡ್ಡಿಗಿಂತ ದೊಡ್ಡದು ಅನ್ನಿಸೋದು ಬೇರೆ. ನನ್ನ ಒಂದು ಲೈಕು ಆ ಮನುಷ್ಯನನ್ನು ಇನ್ನೊಬ್ಬ ಹದಿನಾರು ವರ್ಷದವಳ ಮೊಬೈಲಿಗೆ ತಳ್ಳುತ್ತೆ. ನಾವು ನೋಡ್ತಾ ಇಲ್ಲ, ಶಿಫಾರಸು ಮಾಡ್ತಾ ಇದ್ದೀವಿ.

ಹಾಗಂತ ಎಲ್ಲರನ್ನೂ ಬಿಟ್ಟುಬಿಡಿ ಅಂತ ನಾನು ಹೇಳೋಕೆ ಬಂದಿಲ್ಲ. ಅಡುಗೆ ಚಾನೆಲಿನವರು ಚುನಾವಣೆ ಬಗ್ಗೆ ನನಗಾಗದ ಮಾತಾಡಿದ್ರು ಅಂತ ನಾನು ಅವರ ಬದನೆಕಾಯಿ ಎಣ್ಣೆಗಾಯಿ ಬಿಡಲ್ಲ. ನಾನು ಕೇಳಿಕೊಳ್ಳೋದು ಒಂದೇ: ಆ ಕೆಟ್ಟ ಕೆಲಸ ನಡೆದದ್ದು ಯಾವ ದಾರಿಯಲ್ಲಿ? ನಾನು ಮೆಚ್ಚಿಕೊಂಡ ಕೆಲಸವೇ ಆ ದಾರಿ ಆಗಿದ್ದರೆ ಬೇರ್ಪಡಿಸೋ ಮಾತು ಅಲ್ಲಿಗೆ ಮುಗೀತು. ರೈಸರ್ ಮಾಡಿದ್ದು ಲೆವಿನ್ ಮಾಡಿದ್ದಕ್ಕಿಂತ ಎಷ್ಟೋ ಪಟ್ಟು ಘೋರ. ಆದರೂ ಆ ಕೋಡ್ ಇಟ್ಟುಕೊಳ್ಳೋದು ನನಗೆ ಸುಲಭ, ಈ ಚಾನೆಲಿನ ಲಿಂಕ್ ಕಳಿಸೋದು ಕಷ್ಟ. ಇದು ವಿಚಿತ್ರ ಅಂತ ನನಗೂ ಗೊತ್ತು.

ಹೌದು, ಚಾನೆಲ್. ಎಂಐಟಿ ತೆಗೆದ ಮೇಲೂ ಪಾಠಗಳು ಎಲ್ಲೂ ಹೋಗಲಿಲ್ಲ. ಅವು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಹೊರಬಂದಿದ್ದವು, ಯಾರು ಬೇಕಾದರೂ ಹಂಚಬಹುದು. ಲೆವಿನ್ ಅವರದೇ ಯೂಟ್ಯೂಬ್ ಚಾನೆಲ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಚಂದಾದಾರರು. ಕಾಮೆಂಟುಗಳಲ್ಲಿ ನಮ್ಮ ದೇಶದ ಜೆಇಇ ಮಕ್ಕಳು ತುಂಬಿದ್ದಾರೆ.

ಅಕ್ಕ ಸೊಲ್ಲಾಪುರದಲ್ಲಿರೋದು. ಅವಳ ಮಗಳು ಈಗ ಹನ್ನೊಂದನೇ ಕ್ಲಾಸು, ಜೆಇಇಗೆ ಓದ್ತಾ ಇದ್ದಾಳೆ. ದೀಪಾವಳಿಗೆ ಹೋದಾಗ ಖುಷಿಯಿಂದ ಮೊಬೈಲ್ ತಂದು ತೋರಿಸಿದಳು: "ಮಾಮಾ, ನೀ ಯಾವಾಗ್ಲೂ ಹೇಳ್ತಿದ್ದಿಯಲ್ಲಾ, ಜೋಕಾಲಿ ಅಜ್ಜಾರು, ಸಿಕ್ರು! ಮಸ್ತ್ ಹೇಳ್ತಾರ. ನಾ ಡೌಟ್ ಕಾಮೆಂಟ್ ಹಾಕೀನಿ."

ನನ್ನ ಮುಖ ಹೇಗಾಯ್ತೋ. ಅವಳಿಗೆ ಎಂಟು ವರ್ಷ ಇದ್ದಾಗಿಂದ ನಾನು ಆ ಜೋಕಾಲಿ ಕಥೆ ಹೇಳ್ತಿದ್ದೆ, ಅಂದರೆ 2014 ಆದ ಮೇಲೂ. ಅರ್ಧ ಕಥೆ ಮಾತ್ರ. ಆ ಅರ್ಧಕ್ಕೆ ನಾನು ಮನಸ್ಸಿನಲ್ಲಿ ಇಟ್ಟುಕೊಂಡ ಹೆಸರು 'ಕಲೆ ಬೇರೆ, ಕಲಾವಿದ ಬೇರೆ'. ನಿಜ ಹೇಳಬೇಕಂದ್ರೆ ಅದು ಸಿದ್ಧಾಂತ ಅಲ್ಲ, ಮುಜುಗರ. ಹೆಣ್ಣುಮಗುವಿನ ಮುಂದೆ ಅಂಥ ವಿಷಯ ಹೇಗೆ ತೆಗೆಯೋದು ಅನ್ನೋ ಮುಜುಗರ.

ಆ ಕಾಮೆಂಟಿನಿಂದ ಏನೂ ಆಗಿರಲಿಲ್ಲ, ಗಾಬರಿಯಾಗಬೇಡಿ. ಯಾವುದೋ ಘರ್ಷಣೆಯ ಲೆಕ್ಕ, ಸಾವಿರಾರು ಕಾಮೆಂಟಿನಲ್ಲಿ ಒಂದು. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅಕ್ಕನಿಗೆ ಮೊದಲು ಹೇಳಿದೆ. ಅಕ್ಕ ಸಹಜವಾಗಿ "ಮೊಬೈಲೇ ಕಸ್ಕೊಂತೀನಿ" ಅಂದಳು. ನಾನು, ಮೊಬೈಲ್ ಕಸ್ಕೊಂಡ್ರೆ ತಪ್ಪು ಮಾಡಿದ್ದು ಮಗಳೇ ಅಂತ ಆಗುತ್ತೆ, ಮಾತಾಡೋಣ ಅಂದೆ. ಮೂವರೂ ಅಡುಗೆಮನೆಯಲ್ಲಿ ಕೂತೆವು. ನಾನು ಶೇಂಗಾ ಸುಲಿಯುತ್ತಾ, ಯಾರ ಮುಖವನ್ನೂ ನೋಡದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೇಷ್ಟ್ರು ಯಾರು, ದೂರು ಏನು, ಕಾಲೇಜು ಏನು ತೀರ್ಮಾನ ಮಾಡಿತು.

ಅವಳು ಅಳಲಿಲ್ಲ, ಪಾಠ ನೋಡಲ್ಲ ಅಂತಲೂ ಅನ್ನಲಿಲ್ಲ. ಕೇಳಿದ್ದು ಇಷ್ಟೇ: "ನಿನಗ ಗೊತ್ತಿತ್ತು. ಮೊದಲ ಯಾಕ ಹೇಳಲಿಲ್ಲ ಮಾಮಾ?"

ಉತ್ತರ ಇರಲಿಲ್ಲ. ಶೇಂಗಾ ಸುಲಿದೆ.

ಆಮೇಲೆ ನಾವು ಏನು ಮಾಡಿದೆವು ಅಂದ್ರೆ, ನನ್ನ ಹತ್ತಿರ ಆ ಹಳೇ ಫೈಲುಗಳು ಇನ್ನೂ ಇವೆ. ಅಳಿಸಿಲ್ಲ, ಅಳಿಸೋದೂ ಇಲ್ಲ. ಅದರಲ್ಲಿ ಎರಡು ಪಾಠ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಕಾಮೆಂಟು, ಚಾನೆಲು, ಫಾಲೋ ಯಾವುದೂ ಇಲ್ಲದ ಬರೀ ಲೋಲಕ. ಇದು ಸರಿಯಾ? ನನ್ನ ಹೆಂಡತಿ ಪ್ರಕಾರ ಇದೂ ನನ್ನ ಹಳೇ ಮೋಹವೇ. ಇರಬಹುದು. ಚಾನೆಲ್ ಅನ್‌ಫಾಲೋ ಮಾಡೋದು ಬಿಡೋದು ಅಕ್ಕನ ಮಗಳಿಗೇ ಬಿಟ್ಟೆ. ಅವಳು ಮಾಡಿದಳು, ಕಾಮೆಂಟನ್ನೂ ಅಳಿಸಿದಳು. ಬದಲಿಗೆ ಎಂಐಟಿಯವರೇ ಮೆಕ್ಯಾನಿಕ್ಸಿಗೆ 2016ರಲ್ಲಿ ಹೊಸದಾಗಿ ಮಾಡಿದ ಕೋರ್ಸ್ ಇದೆ. ದೀಪ್ತೋ ಚಕ್ರವರ್ತಿ, ಪೀಟರ್ ಡೂರ್‌ಮಷ್ಕಿನ್, ಆನಾ ಫ್ರೇಬೆಲ್ ಹೀಗೆ ಹಲವರು ಸೇರಿ ಪಾಠ ಮಾಡಿದ್ದಾರೆ. ಚಿಕ್ಕ ಚಿಕ್ಕ ವಿಡಿಯೋಗಳು, ಪುಕ್ಕಟೆ. ನಮ್ಮ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮದ್ರಾಸಿನ ವಿ. ಬಾಲಕೃಷ್ಣನ್ ಅವರ ಕ್ಲಾಸಿಕಲ್ ಫಿಸಿಕ್ಸ್ ಪಾಠಗಳಿವೆ. ಅವು ಹನ್ನೊಂದನೇ ಕ್ಲಾಸಿಗೆ ಸ್ವಲ್ಪ ಭಾರ, ಎರಡು ವರ್ಷ ಬಿಟ್ಟು ನೋಡು ಅಂತ ಹೇಳಿದ್ದೀನಿ.

ಹೋದ ವಾರ ಫೋನ್ ಮಾಡಿದ್ದಳು. ಹೊಸ ಕೋರ್ಸ್ ಹೇಗಿದೆ ಅಂತ ಕೇಳಿದೆ.

"ಚಲೋ ಐತಿ ಮಾಮಾ. ಆದ್ರ ಇದರಾಗ ಯಾರೂ ಜೋಕಾಲಿ ಆಡಂಗಿಲ್ಲ."

ಹೌದು, ಆಡಲ್ಲ. ಭಾನುವಾರ ಸೊಲ್ಲಾಪುರಕ್ಕೆ ಹೋಗ್ತಿದ್ದೀನಿ. ಮಾಳಿಗೆಯ ಕೊಂಡಿಗೆ ಹಗ್ಗ ಕಟ್ಟಿ ಅಕ್ಕಿ ಚೀಲ ತೂಗಿಬಿಡೋಣ, ಆಮೇಲೆ ನೀನೇ ಕೂತು ನೋಡು, ನಾನು ಸ್ಟಾಪ್‌ವಾಚ್ ಹಿಡೀತೀನಿ ಅಂತ ಹೇಳಿದ್ದೀನಿ. ಅಕ್ಕಿ ಚೀಲಕ್ಕೆ ಅಕ್ಕ ಇನ್ನೂ ಒಪ್ಪಿಲ್ಲ.